ಸಿಡ್ನಿಯಲ್ಲಿ ಒಂದು ದಿನ: ಟೂರ್ ಬಸ್ಸೋ, ಕ್ರೂಸೋ, ಮಾಮೂಲಿ ಫೆರಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೆರಿಗೆ, ಅಂದರೆ ಊರಿನ ಜನ ದಿನಾ ಓಡಾಡುವ ದೋಣಿಗೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಸಿಡ್ನಿ ತೋರಿಸಲು ಒಂದೇ ದಿನ ಸಿಕ್ಕಿದೆ ಅಂದರೆ ಯಾವ ಟೂರ್ ಟಿಕೆಟ್ಟಿಗೂ ದುಡ್ಡು ಹಾಕಬೇಡಿ. ಸಿಟಿಯ ದೋಣಿ ನಿಲ್ದಾಣ ಸರ್ಕ್ಯುಲರ್ ಕೀಗೆ ಹೋಗಿ, ಕಾರ್ಡ್ ಟ್ಯಾಪ್ ಮಾಡಿ, ಬೀಚ್ ಇರುವ ಮ್ಯಾನ್ಲಿಗೆ ಹೊರಡುವ ದೊಡ್ಡ ಹಸಿರು ದೋಣಿ ಹತ್ತಿ. ಉಳಿದಿದ್ದು ತಾನಾಗೇ ಆಗುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಟೂರ್ ಬಸ್ಸಲ್ಲೂ ಸುತ್ತಿದ್ದೇವೆ, ಊಟ ಕೊಡುವ ಕ್ರೂಸಲ್ಲೂ ಕೂತಿದ್ದೇವೆ. ಮೊದಲು ನನ್ನ ಅಪ್ಪ ಅಮ್ಮ ಬಂದಾಗ, ಆಮೇಲೆ ಅತ್ತೆ ಮಾವ ಬಂದಾಗ. ಸಿಡ್ನಿಯ ಪಶ್ಚಿಮದ ಪ್ಯಾರಮಟ್ಟಾ ಕಡೆ ಮನೆ ಮಾಡಿರುವ ಕನ್ನಡದವರಿಗೆಲ್ಲ ರಜೆ ಬಂತೆಂದರೆ ಇದೇ ಪ್ರಶ್ನೆ, ಅಲ್ವಾ? ಹಾಗಾಗಿ ನಾವು ಪಟ್ಟ ಪಾಡನ್ನೂ ಸಿಕ್ಕ ಖುಷಿಯನ್ನೂ ಬರೆದಿಡುತ್ತಿದ್ದೇನೆ.

ಮೊದಲು ಬಸ್ಸು. ಮೇಲೆ ಛಾವಣಿ ಇಲ್ಲದ ಡಬಲ್ ಡೆಕ್ಕರ್, ಎಲ್ಲಿ ಬೇಕಾದರೂ ಇಳಿದು ಮತ್ತೆ ಹತ್ತಬಹುದು ಅನ್ನುವ ಟಿಕೆಟ್. ಕೇಳಲು ತುಂಬಾ ಚೆನ್ನಾಗಿದೆ. ಒಬ್ಬರಿಗೆ ಸುಮಾರು 60 ಡಾಲರ್ ಆಗುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾರೆ, ಅಪ್ಪನಿಗೆ ಅದು ಬಹಳ ಹಿಡಿಸಿತು. ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ತೊಂದರೆ ಏನೆಂದರೆ ಬಸ್ಸು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ಇದನ್ನು ಟಿಕೆಟ್ ಮಾರುವವರು ದೊಡ್ಡದಾಗಿ ಹೇಳುವುದಿಲ್ಲ. ನಾವು ಡಾರ್ಲಿಂಗ್ ಹಾರ್ಬರ್‌ನಲ್ಲಿ ಇಳಿದೆವು, ನೋಡಿದೆವು, ಫೋಟೋ ತೆಗೆದೆವು. ವಾಪಸ್ ಸರ್ಕ್ಯುಲರ್ ಕೀಗೆ ಬರಬೇಕಿತ್ತು. ಎರಡಕ್ಕೂ ಹೆಚ್ಚು ಕಡಿಮೆ ಎರಡು ಕಿಲೋಮೀಟರ್ ದೂರ ಅಷ್ಟೇ. ಆದರೆ ಬಸ್ಸು ಬಂದ ದಾರಿಯಲ್ಲಿ ವಾಪಸ್ ಹೋಗುವುದಿಲ್ಲ. ಮುಂದಿನ ನಿಲ್ದಾಣ, ಅದರ ಮುಂದಿನ ನಿಲ್ದಾಣ, ಹೀಗೆ ಇಡೀ ಸುತ್ತು ಮುಗಿಸಿಯೇ ಬರಬೇಕು.

ಅದಕ್ಕೂ ಮೊದಲು ಬಸ್ಸು ಬರಬೇಕಲ್ಲ. ಡಿಸೆಂಬರ್ ಅಂದರೆ ಅಲ್ಲಿ ಕಡು ಬೇಸಿಗೆ. ಆಸ್ಟ್ರೇಲಿಯಾದ ಬಿಸಿಲು ನಮ್ಮ ಬಿಸಿಲಿನ ಹಾಗಲ್ಲ, ಬೆವರು ಬರುವ ಮೊದಲೇ ಚರ್ಮ ಉರಿಯಲು ಶುರುವಾಗುತ್ತದೆ. ನಾವು ನಿಂತಲ್ಲಿ ನೆರಳಿಲ್ಲ, ಕೂರಲು ಬೆಂಚೂ ಇಲ್ಲ. ಅಮ್ಮನಿಗೆ ಮಂಡಿ ನೋವು. ಒಂದು ಬಸ್ಸು ಬಂತು, ತುಂಬಿತ್ತು, ನಾಲ್ಕೈದು ಜನರನ್ನು ಹತ್ತಿಸಿಕೊಂಡು ಹೊರಟಿತು. ನಮ್ಮ ಹಿಂದೆ ಕೈಗೂಸು ಎತ್ತಿಕೊಂಡು ನಿಂತಿದ್ದ ಒಬ್ಬ ಹೆಂಗಸು ಡ್ರೈವರ್ ಹತ್ತಿರ ಕೇಳಿಕೊಂಡರೂ ಆಗಲಿಲ್ಲ. ಮುಂದಿನದಕ್ಕೆ ಮತ್ತೆ ಅರ್ಧ ಗಂಟೆ ಕಾದೆವು. ಅದರಲ್ಲಿ ಸೀಟು ಸಿಕ್ಕಿದ್ದು ಕೆಳಗಡೆ, ಅಲ್ಲಿಂದ ಕಾಣುವುದು ಪಕ್ಕದ ಕಾರುಗಳೇ ಜಾಸ್ತಿ. ಸಂಜೆಯ ಟ್ರಾಫಿಕ್ ಬೇರೆ ಶುರುವಾಗಿತ್ತು. ಅಮ್ಮ ಕಾಲು ನೀವಿಕೊಳ್ಳುತ್ತಾ, "ಈ ಅಂಗಡಿ ಬೆಳಿಗ್ಗೇನೇ ನೋಡಿದ್ವಲ್ಲೋ, ಮನೆಗೆ ಹೋಗೋಣ ಬಾ" ಅಂದರು. ಆಗ ಗಂಟೆ ನಾಲ್ಕೂವರೆ. ಬೇಸಿಗೆಯಲ್ಲಿ ಎಂಟು ಗಂಟೆವರೆಗೂ ಬೆಳಕಿರುವ ಊರಲ್ಲಿ ನಮ್ಮ ದಿನ ಅಲ್ಲಿಗೇ ಮುಗಿಯಿತು.

ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಅಪ್ಪ ಅಮ್ಮ ಹತ್ತಾರು ಗಂಟೆ ವಿಮಾನದಲ್ಲಿ ಕೂತು ಬಂದವರು. ಅವರಿಗೆ ಆ ದಿನದ ನೆನಪು ಕಾಯುವುದೇ ಆಗಿ ಉಳಿಯಿತು.

ಬಾಂಡಿ ಬೀಚ್ ಕಡೆಗೂ ಟೂರ್ ಬಸ್ಸಿದೆ, ಆದರೆ ಅದು ಬೇರೆ ಸುತ್ತು, ನಡುವೆ ಬದಲಾಯಿಸಬೇಕು. ಸರ್ಕ್ಯುಲರ್ ಕೀಯಿಂದ ಮಾಮೂಲಿ 333 ನಂಬರ್ ಬಸ್ಸು ನೇರ ಅಲ್ಲಿಗೇ ಹೋಗುತ್ತದೆ.

ಇನ್ನು ಕ್ರೂಸು. ಅತ್ತೆ ಮಾವ ಬಂದಾಗ ಇದನ್ನು ಬುಕ್ ಮಾಡಿದ್ದೆವು. ತಂಪಾದ ಕ್ಯಾಬಿನ್, ಬಿಳಿ ಬಟ್ಟೆ ಹಾಸಿದ ಟೇಬಲ್, ಕಾಯುವುದಿಲ್ಲ, ನಡೆಯುವುದಿಲ್ಲ. ಮಂಡಿ ನೋವಿನವರಿಗೆ ಇದಕ್ಕಿಂತ ಆರಾಮ ಇನ್ನೊಂದಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಒಬ್ಬರಿಗೆ ನೂರು ಡಾಲರಿನ ಹತ್ತಿರ ಕೊಟ್ಟು ಸಸ್ಯಾಹಾರಿ ಎಂದು ಮೊದಲೇ ಬರೆಸಿದ್ದರೂ ನಮ್ಮ ತಟ್ಟೆಗೆ ಬಂದಿದ್ದು ಸುಟ್ಟ ಕುಂಬಳಕಾಯಿ, ಸೊಪ್ಪು, ಬ್ರೆಡ್ಡು. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದು ಸುಮ್ಮನಾದರು. ಅದಕ್ಕಿಂತ ಹೆಚ್ಚಾಗಿ, ದೋಣಿ ಎಲ್ಲೂ ನಿಲ್ಲುವುದಿಲ್ಲ. ಗಾಜಿನ ಒಳಗಿಂದ ನೋಡುತ್ತಾ ಹತ್ತಿದ ಜಾಗಕ್ಕೇ ಬಂದು ಇಳಿಯುವುದು. ಮಾಂಸ ಮೀನು ತಿನ್ನುವವರಿಗೆ, ಮದುವೆ ವಾರ್ಷಿಕೋತ್ಸವ ಅಂತ ಹೋಗುವವರಿಗೆ ಸರಿಹೋಗಬಹುದು. ಊರು ನೋಡಲು ಅಲ್ಲ.

ಈಗ ಫೆರಿ. ಬೆಂಗಳೂರಿನವರಿಗೆ ಬಿಎಂಟಿಸಿ ಹೇಗೋ ಸಿಡ್ನಿಯವರಿಗೆ ಈ ದೋಣಿಗಳು ಹಾಗೆ. ಬೆಳಿಗ್ಗೆ ಜನ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಆಫೀಸಿಗೆ ಬರುವುದು ಇದರಲ್ಲೇ. ಶುಕ್ರವಾರ, ಶನಿವಾರ, ಭಾನುವಾರ ಒಬ್ಬರಿಗೆ ದಿನದ ಖರ್ಚು 10 ಡಾಲರ್ ದಾಟುವುದಿಲ್ಲ, ಎಷ್ಟು ಸಲ ಹತ್ತಿ ಇಳಿದರೂ ಅಷ್ಟೇ, ರೈಲು, ಬಸ್ಸು, ಟ್ರಾಮು, ಫೆರಿ ಎಲ್ಲ ಸೇರಿ. ಉಳಿದ ದಿನ ಹೆಚ್ಚು ಕಡಿಮೆ ಅದರ ದುಪ್ಪಟ್ಟು. 4ರಿಂದ 15 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಬಿಟ್ಟಿ. ಟೂರ್ ಬಸ್ಸಲ್ಲಿ ಒಬ್ಬರಿಗೆ ಆಗುವ ದುಡ್ಡಲ್ಲಿ ಇಡೀ ಮನೆಯವರು ದಿನವೆಲ್ಲ ಓಡಾಡಬಹುದು.

ಮ್ಯಾನ್ಲಿ ದಾರಿಗೆ ಸುಮಾರು ಅರ್ಧ ಗಂಟೆ. ಹೋಗುವಾಗ ಬಲಗಡೆ ಹೊರಗಿನ ಬೆಂಚಲ್ಲಿ ಕೂರಿ. ದೋಣಿ ತಿರುಗುತ್ತಿದ್ದಂತೆ ಒಪೆರಾ ಹೌಸ್ ಎದುರಿಂದ, ಪಕ್ಕದಿಂದ, ಹಿಂದಿನಿಂದ ಮೂರು ಥರ ಕಾಣುತ್ತದೆ. ದಡದಲ್ಲಿ ನಿಂತವರಿಗೆ ಈ ನೋಟ ಸಿಗುವುದಿಲ್ಲ. ಆಮೇಲೆ ನಾರ್ತ್ ಹೆಡ್, ಸೌತ್ ಹೆಡ್ ಅನ್ನುವ ಎರಡು ಬಂಡೆ ತುದಿಗಳ ನಡುವೆ ಬಂದರಿನ ಬಾಯಿ ಬರುತ್ತದೆ. ಅಲ್ಲಿ ತೆರೆದ ಸಮುದ್ರದ ಅಲೆ ನೇರ ಒಳಗೆ ಬರುವುದರಿಂದ ದೋಣಿ ಚೆನ್ನಾಗಿ ತೂಗುತ್ತದೆ, ಗಾಳಿ ಇದ್ದ ದಿನ ಮುಂದೆ ನಿಂತವರಿಗೆ ನೀರೂ ಎರಚುತ್ತದೆ. ವಾಂತಿ ಬರುವವರನ್ನು ಕೆಳಗಿನ ಕ್ಯಾಬಿನ್ನಿನ ನಡುವೆ ಕೂರಿಸಿ. ದೋಣಿಯಲ್ಲಿ ಟಾಯ್ಲೆಟ್ ಇದೆ. ವಯಸ್ಸಾದವರನ್ನು ಕರೆದುಕೊಂಡು ಓಡಾಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಮ್ಯಾನ್ಲಿಯಲ್ಲಿ ಇಳಿದು ಕಾರ್ಸೋ ಎನ್ನುವ ಸಮತಟ್ಟಾದ ಬೀದಿಯಲ್ಲಿ ಐದು ನಿಮಿಷ ನಡೆದರೆ ಬೀಚು. ಅಲ್ಲಿ ಸಾಲಾಗಿ ನಾರ್‌ಫೋಕ್ ಪೈನ್ ಮರಗಳಿವೆ, ಅಡಿಯಲ್ಲಿ ಒಳ್ಳೆಯ ನೆರಳು. ಮನೆಯಿಂದ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಡಬ್ಬಿ ಮುಚ್ಚಳ ತೆಗೆದಿದ್ದೇ ತಡ, ಕೆಂಪು ಕೊಕ್ಕಿನ ಸೀಗಲ್ ಹಕ್ಕಿಗಳು ಸುತ್ತ ಬಂದು ನಿಂತವು. ಡಬ್ಬಿ ಕೈಯಲ್ಲೇ ಇರಲಿ, ಪಕ್ಕಕ್ಕೆ ಇಟ್ಟರೆ ಹೋಯಿತು.

ಸರ್ಕ್ಯುಲರ್ ಕೀಗೆ ವಾಪಸ್ ಬಂದ ಮೇಲೆ ಎಫ್4 ನಂಬರಿನ ದೋಣಿ ಹತ್ತಿ. ಅದು ಹಾರ್ಬರ್ ಬ್ರಿಡ್ಜ್ ಅಡಿಯಲ್ಲೇ ಹೋಗುತ್ತದೆ, ಅದೇ ಡಾರ್ಲಿಂಗ್ ಹಾರ್ಬರ್ ಪಕ್ಕದ ಪಿರ್ಮಾಂಟ್ ಬೇಗೆ ಹೋಗಿ ಬರುತ್ತದೆ. ನಾವು ಬಸ್ಸಿಗೆ ಕಾದು ಸುಸ್ತಾದ ದಾರಿ ನೀರಿನ ಮೇಲೆ ಅಷ್ಟು ಸುಲಭ. ಅಪ್ಪ ಪಿಡಬ್ಲ್ಯುಡಿಯಲ್ಲಿ ಕೆಲಸ ಮಾಡಿದವರು. ಸೇತುವೆ ಅಡಿಗೆ ಬಂದಾಗ ಟೋಪಿ ತೆಗೆದು ಕತ್ತೆತ್ತಿ ನೋಡುತ್ತಲೇ ಇದ್ದರು. 503 ಮೀಟರ್ ಉದ್ದದ ಉಕ್ಕಿನ ಕಮಾನು, ಎರಡೂ ದಡದಿಂದ ಕಟ್ಟುತ್ತಾ ಬಂದು 1930ರ ಆಗಸ್ಟಿನಲ್ಲಿ ನಡುವೆ ಕೂಡಿಸಿದ್ದು, ಓಡಾಟಕ್ಕೆ ಬಿಟ್ಟಿದ್ದು 1932ರಲ್ಲಿ. "ಎಲ್ಲಾ ರಿವೆಟ್ಟೇ ಕಣೋ!" ಅಂದರು. ಹೌದು, ಉಕ್ಕಿನ ತುಂಡುಗಳನ್ನು ಜೋಡಿಸಿ ಹಿಡಿಯುವ ರಿವೆಟ್ ಮೊಳೆಗಳೇ ಸುಮಾರು 60 ಲಕ್ಷ. ಕತ್ತೆತ್ತಿದರೆ ಅವುಗಳ ತಲೆ ಸಾಲುಸಾಲಾಗಿ ಕಾಣುತ್ತವೆ.

ಒಪೆರಾ ಹೌಸ್ ಹತ್ತಿರಕ್ಕೂ ನಡೆದುಕೊಂಡು ಹೋಗಿ. ದೂರದಿಂದ ಅಪ್ಪಟ ಬಿಳಿ ಅನ್ನಿಸುವ ಆ ಚಿಪ್ಪುಗಳಲ್ಲಿ ಎರಡು ಥರದ ಹೆಂಚುಗಳಿವೆ, ಒಂದು ಹೊಳೆಯುವ ಬಿಳಿ, ಇನ್ನೊಂದು ಹೊಳಪಿಲ್ಲದ ಕೆನೆ ಬಣ್ಣ. ಎಲ್ಲ ಸೇರಿ ಹತ್ತು ಲಕ್ಷಕ್ಕೂ ಜಾಸ್ತಿ, ಸ್ವೀಡನ್ನಿನಿಂದ ತರಿಸಿದ್ದು. ಪಕ್ಕದ ಬೊಟಾನಿಕ್ ಗಾರ್ಡನ್ 1816ರದ್ದು, ಒಳಗೆ ಹೋಗಲು ದುಡ್ಡಿಲ್ಲ.

ಫೆರಿಯಲ್ಲಿ ತೊಂದರೆಯೇ ಇಲ್ಲ ಅಂತ ಹೇಳುವುದಿಲ್ಲ. ಭಾನುವಾರ ಸಂಜೆ ಮ್ಯಾನ್ಲಿಯಿಂದ ವಾಪಸ್ ಬರುವ ಕ್ಯೂ ನೋಡಿದರೆ ಸುಸ್ತಾಗುತ್ತದೆ. ಅದಕ್ಕೇ ಶುಕ್ರವಾರ ರಜೆ ಹಾಕಿ ಹೋಗುವುದು ಒಳ್ಳೆಯದು. ವೀಕೆಂಡಿನ ದರವೇ ಸಿಗುತ್ತದೆ, ಜನ ಕಡಿಮೆ. ವೀಕೆಂಡಿನಲ್ಲಿ ಹಳಿ ಕೆಲಸ ಅಂತ ರೈಲು ನಿಲ್ಲಿಸಿ ಬದಲಿ ಬಸ್ಸು ಬಿಡುವುದೂ ಮಾಮೂಲಿ, ಶುಕ್ರವಾರ ಹಗಲು ಹೊರಟರೆ ಆ ರಗಳೆಯೂ ಕಡಿಮೆ.

ಕಾರ್ಡಿನ ವಿಷಯ ಗಮನವಿಟ್ಟು ಕೇಳಿ. ಒಬ್ಬರಿಗೆ ಒಂದು ಕಾರ್ಡ್, ಒಂದೇ ಕಾರ್ಡಲ್ಲಿ ಇಬ್ಬರು ಹೋಗುವ ಹಾಗಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಟ್ಯಾಪ್ ಮಾಡಿದರೂ ನಡೆಯುತ್ತದೆ, ಆದರೆ ಹತ್ತುವಾಗ ಫೋನು, ಇಳಿಯುವಾಗ ಅದೇ ಅಕೌಂಟಿನ ಪ್ಲಾಸ್ಟಿಕ್ ಕಾರ್ಡು ಅಂತ ಮಾಡಿದರೆ ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ ಆಗುತ್ತದೆ. ಹಿರಿಯರ ಕೈಗೆ ಒಪಾಲ್ ಕಾರ್ಡೇ ಕೊಡಿ, ಅದು ಮೊದಲೇ ದುಡ್ಡು ತುಂಬಿಸಿ ಬಳಸುವ ಇಲ್ಲಿನ ಪ್ರಯಾಣದ ಕಾರ್ಡು. ಕಾರ್ಡಿಗೆ ಬೆಲೆ ಇಲ್ಲ, ಒಳಗೆ ಹಾಕುವ ದುಡ್ಡಷ್ಟೇ. ಮಕ್ಕಳಿಗೂ ಮಕ್ಕಳ ಒಪಾಲ್ ಬೇಕು, ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದರೆ ದೊಡ್ಡವರ ದರ ಬೀಳುತ್ತದೆ. ಏರ್‌ಪೋರ್ಟ್ ರೈಲ್ವೆ ಸ್ಟೇಷನ್ನಿನ ಹೆಚ್ಚುವರಿ ಶುಲ್ಕ ಈ ದಿನದ ಮಿತಿಯಲ್ಲಿ ಸೇರುವುದಿಲ್ಲ.

ಯಾರು ಏನು ತಗೋಬೇಕು? ನೀವು ಒಬ್ಬರೇ ಬಂದಿದ್ದೀರಿ, ಕಥೆ ಕೇಳುತ್ತಾ ಕೂರುವುದು ಇಷ್ಟ, ಚಳಿಗಾಲ, ವಾರದ ನಡುವಿನ ದಿನ, ಹಾಗಿದ್ದರೆ ಟೂರ್ ಬಸ್ಸಲ್ಲಿ ಒಂದು ಸುತ್ತು ಇಳಿಯದೆ ಹೋಗಿ ಬನ್ನಿ. ನಡೆಯಲು ಆಗುವುದೇ ಇಲ್ಲ ಅನ್ನುವವರಿದ್ದರೆ ಊಟ ಇಲ್ಲದ ಚಿಕ್ಕ ಕ್ರೂಸು ನೋಡಿ. ನಮ್ಮ ಹಾಗೆ ಡಬ್ಬಿ ಕಟ್ಟಿಕೊಂಡು, ಕೂತು ಎದ್ದು ನಿಧಾನಕ್ಕೆ ಓಡಾಡುವ ಮನೆಯವರಿಗೆ ಫೆರಿಯೇ ಸರಿ. ಸಂಜೆ ರೈಲು ಹತ್ತಿ ಪ್ಯಾರಮಟ್ಟಾ ಪಕ್ಕದ ಹ್ಯಾರಿಸ್ ಪಾರ್ಕಿನಲ್ಲಿ ಇಳಿದರೆ ಬಿಸಿ ದೋಸೆ ಸಿಗುತ್ತದೆ, ರೈಲಿನ ದುಡ್ಡೂ ಅದೇ 10 ಡಾಲರಿನೊಳಗೆ ಬರುತ್ತದೆ. ಮುಂದಿನ ಸಲ ಅಮ್ಮ ಬಂದಾಗ ಮ್ಯಾನ್ಲಿ ಬದಲು ಎಫ್9ರಲ್ಲಿ ವಾಟ್ಸನ್ಸ್ ಬೇಗೆ ಹೋಗುವುದು ಅಂತ ಈಗಲೇ ಮಾತಾಗಿದೆ, ಅಲ್ಲಿ ಇಳಿದ ಕೂಡಲೇ ಹುಲ್ಲುಹಾಸು, ಅವರು ಮಂಡಿಗೆ ಕಷ್ಟ ಕೊಡದೆ ಕೂತಲ್ಲೇ ನೀರು ನೋಡಬಹುದು.