ಗೇಮ್ ಮಾಡುವವರಿಗೆ ಸಸ್ಯೂರ್ ಮೊದಲೋ, ಪರ್ಸ್ ಮೊದಲೋ?

ಗೇಮ್ ಡಿಸೈನ್ ಕಲಿಯುತ್ತಾ ಸಂಕೇತವಿಜ್ಞಾನದ (ಸಂಕೇತಗಳು ಅರ್ಥ ಕೊಡುವ ಬಗೆಯ ಅಧ್ಯಯನ) ಕಡೆ ತಿರುಗಿದವರಿಗೆ ಎರಡು ದಾರಿ ಎದುರಾಗುತ್ತವೆ: ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸಸ್ಯೂರ್, ಅಮೆರಿಕದ ತತ್ವಜ್ಞಾನಿ ಪರ್ಸ್.

ಸಸ್ಯೂರ್ ಪ್ರಕಾರ ಸಂಕೇತಕ್ಕೆ ಎರಡೇ ಮುಖ, ಸೂಚಕ (ಕಾಣುವ, ಕೇಳುವ ರೂಪ) ಮತ್ತು ಸೂಚಿತ (ಅದರ ಅರ್ಥ). ಅವುಗಳ ನಂಟು ರೂಢಿಯದು. ಪ್ಲೇಸ್ಟೇಷನ್ ಆಡಿದವರ ಬೆರಳಿಗೇ ಇದು ಗೊತ್ತು. ಜಪಾನಿನಲ್ಲಿ ಮೊದಲು ವೃತ್ತದ ಬಟನ್ ಅಂದರೆ ‘ಸರಿ’, ಕತ್ತರಿ ಗುರುತು (×) ಅಂದರೆ ‘ಬೇಡ’ ಎಂದಿತ್ತು. ಪಶ್ಚಿಮದ ಹೆಚ್ಚಿನ ಆಟಗಳಲ್ಲಿ ಕತ್ತರಿ ಗುರುತೇ ‘ಸರಿ’. 2020ರ ಪ್ಲೇಸ್ಟೇಷನ್ 5 ಜಪಾನಿಗೂ ಅದನ್ನೇ ತಂದಿತು. ಬಟನ್ ಅದೇ, ಅರ್ಥ ತಿರುಗಾಮುರುಗಾ.

ಪರ್ಸ್ ಅವರ ಸಂಕೇತಗಳು ಮೂರು ಬಗೆ. ಹೋಲಿಕೆಯಿಂದ ಅರ್ಥವಾಗುವುದು ಪ್ರತಿಮೆ, ಕಾರಣದ ಜಾಡಿನಿಂದ ಅರ್ಥವಾಗುವುದು ಸೂಚಿ, ರೂಢಿಯಿಂದ ಅರ್ಥವಾಗುವುದು ಪ್ರತೀಕ. ಗುಂಡು ಹಾರಿಸುವ ಆಟವಾದ 1993ರ ಡೂಮ್‌ನಲ್ಲಿ ಪರದೆಯ ಕೆಳಗಿನ ಪಟ್ಟಿ ನೋಡಿ. ಆರೋಗ್ಯದ ಶೇಕಡಾ ಅಂಕಿ ಪ್ರತೀಕ. ನಡುವಿರುವ ನಾಯಕನ ಮುಖ ಪ್ರತಿಮೆ. ಏಟು ಬಿದ್ದಷ್ಟೂ ಆ ಮುಖ ರಕ್ತಮಯವಾಗುತ್ತದೆ, ಆ ರಕ್ತ ಸೂಚಿ. ಪೆಟ್ಟು ಬಂದ ದಿಕ್ಕಿಗೆ ಮುಖ ಹೊರಳುವುದೂ ಸೂಚಿಯೇ. ಗುಂಡಿನ ಮಳೆಯಲ್ಲಿ ಅಂಕಿ ಓದುವ ಪುರುಸೊತ್ತು ಯಾರಿಗಿದೆ?

ಪರದೆಯ ಮೇಲೆ ಏನಿಡಬೇಕು ಎಂದು ತಲೆಕೆಡಿಸಿಕೊಂಡವರಿಗೆ ನನ್ನ ಓಟು ಪರ್ಸ್‌ಗೆ. ಅವರ ಬರವಣಿಗೆ ಮಾತ್ರ ಕಬ್ಬಿಣದ ಕಡಲೆ. ಈ ಮೂರು ಭೇದ ಹಿಡಿದರೆ ಸದ್ಯಕ್ಕೆ ಸಾಕು. ಆಟವನ್ನು ಬೇರೆ ದೇಶಕ್ಕೆ, ಆಡಿ ಗೊತ್ತಿಲ್ಲದವರಿಗೆ ಒಯ್ಯುವವರು ಸಸ್ಯೂರ್ ಹಿಡಿಯಲಿ. ಕೆಂಪು ಡ್ರಮ್ಮಿಗೆ ಗುಂಡು ಹೊಡೆದರೆ ಸಿಡಿಯುತ್ತದೆ ಎನ್ನುವುದು ಹಳೇ ಆಟಗಾರರ ರೂಢಿ. ಹೊಸಬರಿಗೆ ಅದು ಬರೀ ಡ್ರಮ್ಮು.