ಮನೆಮಂದಿಯ ಸಂಭ್ರಮದ ಊಟಕ್ಕೆ ಯಾವ ಹೋಟೆಲು: ಬೆಂಗಳೂರಿನಲ್ಲಿ ನಾವು ಕೂತು ಉಂಡ ನಾಲ್ಕು ಬಗೆಯ ಜಾಗಗಳ ಹೋಲಿಕೆ

ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಮಕ್ಕಳ ಪರೀಕ್ಷೆಯ ಫಲಿತಾಂಶ, ಹಿರಿಯರ ಎಪ್ಪತ್ತರ ಶಾಂತಿಯ ನಂತರದ ಭಾನುವಾರ, ಇಂಥ ದಿನಗಳಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಊಟಕ್ಕೆ ಹೋಗುವುದು ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಈಗ ರೂಢಿಯೇ ಆಗಿದೆ. ಎಲ್ಲಿಗೆ ಹೋಗಬೇಕೆಂಬ ಚರ್ಚೆ ಮಾತ್ರ ಪ್ರತಿ ಸಲವೂ ರುಚಿ ಮತ್ತು ಬೆಲೆಯ ಸುತ್ತಲೇ ತಿರುಗುತ್ತದೆ. ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ ಎಂಬುದು ಹಲವು ವರ್ಷಗಳ ಓಡಾಟದಿಂದ ನನಗೆ ಮನದಟ್ಟಾಗಿದೆ: ಯಾರ ಸಲುವಾಗಿ ಹೊರಟಿದ್ದೇವೋ ಅವರು ಅಲ್ಲಿ ಕೂತಲ್ಲಿಂದ ಏಳದೆ, ಅವಸರವಿಲ್ಲದೆ, ಎದುರಿಗಿರುವವರ ಮಾತು ಕೇಳಿಸಿಕೊಳ್ಳುತ್ತ ಊಟ ಮಾಡಬಲ್ಲರೇ?

ನಮ್ಮ ಮನೆಯ ಪಂಕ್ತಿ ಒಂದೇ ಬಗೆಯದಲ್ಲ. ನನ್ನ ಅಪ್ಪ ಅಮ್ಮ ಬಸವನಗುಡಿಯವರು, ಕಟ್ಟಾ ಸಸ್ಯಾಹಾರಿಗಳು. ಅತ್ತೆ ಮಾವ ಮಂಗಳೂರಿನ ಕಡೆಯವರು. ಮೀನಿಲ್ಲದ ವಿಶೇಷದೂಟವನ್ನು ಅವರು ವಿಶೇಷವೆಂದು ಎಣಿಸುವುದಿಲ್ಲ. ಅಪ್ಪನಿಗೆ ಕಿವಿಗೆ ಶ್ರವಣ ಸಾಧನ ಬೇಕು, ಅತ್ತೆಗೆ ಮಂಡಿನೋವು. ಇವರ ಜೊತೆಗೆ ಹೈಸ್ಕೂಲಿನಲ್ಲಿ ಓದುವ ಮಗಳು ಮತ್ತು ಅವಳಿಗಿಂತ ಚಿಕ್ಕವನಾದ ಮಗ. ಈ ಎಂಟು ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಎಲ್ಲರಿಗೂ ತೃಪ್ತಿಯಾಗುವಂತೆ ಉಣ್ಣಿಸುವುದು ಸುಲಭವಲ್ಲವಾದ್ದರಿಂದ, ನನ್ನ ಗಂಡನ ತಮ್ಮ ಒಂದೊಂದು ಸಂದರ್ಭಕ್ಕೆ ಒಂದೊಂದು ಜಾಗವನ್ನು ಸೂಚಿಸುತ್ತ ಬಂದ. ಕೆಳಗಿನ ಹೋಲಿಕೆ ಆ ಊಟಗಳಿಂದ ಹುಟ್ಟಿದ್ದು.

ಮೊದಲನೆಯದು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಮಧ್ಯಾಹ್ನದ ಊಟ. 1924ರಲ್ಲಿ ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು ಆರಂಭಿಸಿದ ಈ ಹೋಟೆಲಿಗೆ ಈಗ ನೂರು ದಾಟಿದೆ. ಬೆಳಗಿನ ತಿಂಡಿಗೆ ಬರುವವರೇ ಹೆಚ್ಚಾದರೂ ಸಂಭ್ರಮದ ದಿನಕ್ಕೆ ನಾನು ಸೂಚಿಸುವುದು ಊಟವನ್ನು. ನಾವು ಹೋದಾಗಲೆಲ್ಲ ಬಾಗಿಲಲ್ಲಿ ಹೆಸರು ಬರೆಸಿ ಕಾದಿದ್ದೇವೆ. ಭಾನುವಾರಗಳಲ್ಲಿ ಈ ಕಾಯುವಿಕೆ ದೀರ್ಘವಾಗುತ್ತದೆ ಮತ್ತು ಸೋಮವಾರ ಹೋಟೆಲಿಗೆ ರಜೆ ಇರುತ್ತದೆ. ಕಾಯುವಾಗ ಅಪ್ಪ ಮಕ್ಕಳಿಗೆ ರವೆ ಇಡ್ಲಿಯ ಕಥೆ ಹೇಳುತ್ತಾರೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಇಲ್ಲಿಯವರೇ ರವೆಯಲ್ಲಿ ಇಡ್ಲಿ ಮಾಡಿ ನೋಡಿದರೆಂದೂ, ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರವನ್ನು ಇಳಿಸಲು ಕಟ್ಟಪ್ಪಣೆ ಮಾಡಿದಾಗ ಗುಣಮಟ್ಟ ತಗ್ಗಿಸಲು ಒಪ್ಪದೆ ಹೋಟೆಲನ್ನು ಮುಚ್ಚಿ, ಬಾತಿನ ಪುಡಿ ಮತ್ತು ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಇಳಿದರೆಂದೂ ಮನೆತನದವರು ಹೇಳಿಕೊಂಡು ಬಂದಿರುವುದನ್ನು ಅವರು ತಮ್ಮದೇ ನೆನಪಿನೊಂದಿಗೆ ಸೇರಿಸಿ ಹೇಳುವಾಗ, ಕಾಯುವ ಬೇಸರ ಮಕ್ಕಳಿಗೂ ತಟ್ಟುವುದಿಲ್ಲ.

ಒಳಗೆ ಕೂತ ಮೇಲೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಇಡೀ ಅಭಿಪ್ರಾಯ ಇದರ ಮೇಲೆಯೇ ನಿಂತಿದೆ. ಮೊದಲಿಗೆ ಬೆಳ್ಳಿಯ ಲೋಟದಲ್ಲಿ ದ್ರಾಕ್ಷಿಯ ರಸ ಬರುತ್ತದೆ. ಆಮೇಲೆ ಕೋಸಂಬರಿ, ಪಲ್ಯ, ಸಿಹಿ, ಪೂರಿ ಅಥವಾ ದೋಸೆ, ಅದಕ್ಕೆ ಸಾಗು, ಬಳಿಕ ತುಪ್ಪ ಸುರಿದ ಬಿಸಿಬೇಳೆಬಾತ್, ಅದು ಮುಗಿಯುವ ಹೊತ್ತಿಗೆ ಅನ್ನ, ಸಾರು, ಹುಳಿ, ಮೊಸರನ್ನ, ಕೊನೆಗೆ ಹಣ್ಣಿನ ಸಲಾಡಿನ ಮೇಲೆ ಐಸ್‌ಕ್ರೀಮು. ಬಡಿಸುವವರು ಬಕೆಟ್ಟು ಹಿಡಿದು ಸಾಲಾಗಿ ಬರುತ್ತಾರೆ. ಬೇಕೆಂದು ಕೂಗಬೇಕಾಗಿಲ್ಲ, ಬೇಡವೆನ್ನಲು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಸಾಕು. ಅಪ್ಪನ ಎಪ್ಪತ್ತರ ಊಟದ ದಿನ ಬಡಿಸುತ್ತಿದ್ದ ಹಿರಿಯರೊಬ್ಬರು ಅಪ್ಪ ಬಿಸಿಬೇಳೆಬಾತನ್ನು ಬೆರಳ ತುದಿಯಲ್ಲಿ ಹರಡಿ ಆರಿಸಿಕೊಳ್ಳುತ್ತಿದ್ದುದನ್ನು ಗಮನಿಸಿ, ಅನ್ನ ಬಡಿಸುವವರನ್ನು ಕಣ್ಣಿನಲ್ಲೇ ತಡೆದು ನಿಲ್ಲಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ. ನೋಡಿ ಬಡಿಸುವ ಈ ಅಭ್ಯಾಸ ಸಂಬಳಕ್ಕಾಗಿ ಕಲಿತದ್ದಾದರೂ ಉಣ್ಣುವವರಿಗೆ ಸಿಗುವ ಗೌರವ ನಿಜವಾದದ್ದು. ಅಂದು ಅಪ್ಪ ಊಟದುದ್ದಕ್ಕೂ ಏಳಲಿಲ್ಲ, ಏನನ್ನೂ ಕೇಳಿ ತರಿಸಿಕೊಳ್ಳಲಿಲ್ಲ.

ಕೊರತೆಗಳೂ ಇವೆ. ಎಂಟು ಜನರಿಗೆ ಒಟ್ಟಾಗಿ ಒಂದೇ ಮೇಜು ಸಿಗದೆ ನಾವು ಅಕ್ಕಪಕ್ಕದ ಎರಡು ಮೇಜುಗಳಲ್ಲಿ ಹಂಚಿಕೊಂಡು ಕೂತಿದ್ದೂ ಉಂಟು. ಹೊರಗೆ ಜನ ಕಾಯುತ್ತಿರುತ್ತಾರೆಂಬ ಅರಿವಿನಿಂದ ಊಟವಾದ ಮೇಲೆ ಹರಟುತ್ತ ಕೂರಲು ಮನಸ್ಸಾಗುವುದಿಲ್ಲ. ಮಂಡಿನೋವಿನವರಿಗೆ ಕಾಯುವುದೇ ಕಷ್ಟ. ಅತ್ತೆ ಮಾವ ಊಟವನ್ನು ಮೆಚ್ಚಿದರು. ಆದರೆ ಆ ದಿನ ಅಪ್ಪನದಾಗಿತ್ತು ಎಂಬ ಕಾರಣಕ್ಕೆ ಮೆಚ್ಚಿದರೇ ಹೊರತು ತಮ್ಮ ದಿನಕ್ಕೆ ಅದನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನು ಈ ಪಟ್ಟಿಯಲ್ಲಿ ಸೇರಿಸಿದರೆ ಕೆಲವರು ಒಪ್ಪಲಾರರು, ಏಕೆಂದರೆ ಅಲ್ಲಿ ಊಟವಿಲ್ಲ, ತಿಂಡಿ ಮಾತ್ರ. ಆದರೂ ಅಮ್ಮನ ಹುಟ್ಟುಹಬ್ಬಕ್ಕೆ ಅಮ್ಮನೇ ಆರಿಸಿದ್ದು ಅದನ್ನು. 1943ರಿಂದ ಇರುವ ಆ ಒಂದೇ ಹಜಾರದಲ್ಲಿ, ಗೋಡೆಯ ಮೇಲಿನ ಕನ್ನಡ ಸಾಹಿತಿಗಳ ರೇಖಾಚಿತ್ರಗಳ ಕೆಳಗೆ, ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಪಂಚೆಯುಟ್ಟ ಮಾಣಿಗಳನ್ನು ನೋಡುತ್ತ ಕೂತದ್ದು ಅಮ್ಮನಿಗೆ ಕಾಲೇಜಿನ ದಿನಗಳನ್ನು ಮರಳಿಸಿತು. ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಡಿಮೆ. ಖರ್ಚು ಉಳಿದ ಮೂರರ ಮುಂದೆ ಲೆಕ್ಕಕ್ಕಿಲ್ಲದಷ್ಟು. ಆದರೆ ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳಬೇಕಾಗುತ್ತದೆ ಮತ್ತು ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಮೂರೋ ನಾಲ್ಕೋ ಜನರ, ಮಾತಿಗಿಂತ ನೆನಪು ಮುಖ್ಯವಾದ ದಿನಕ್ಕೆ ಇದು ಸರಿ. ಎರಡು ಕುಟುಂಬಗಳು ಸೇರುವ ದಿನಕ್ಕೆ ಅಲ್ಲ.

ಮೂರನೆಯದು, ಮೇಜಿನ ನಡುವೆಯೇ ಕೆಂಡದ ಒಲೆಯನ್ನಿಟ್ಟು ಕಡ್ಡಿಗೆ ಚುಚ್ಚಿದ ಕೋಳಿ, ಸಿಗಡಿ, ಪನ್ನೀರು, ಅನಾನಸು ಸುಡುವ, ತಲೆಗಿಷ್ಟು ಎಂದು ದರ ನಿಗದಿಯಾದ ಬಫೆ. ಮಗಳ ಹುಟ್ಟುಹಬ್ಬಕ್ಕೆ ಅವಳ ಒತ್ತಾಯದಿಂದ ಇಂಥ ಹೋಟೆಲಿಗೆ ಹೋದೆವು. ಮಕ್ಕಳ ದೃಷ್ಟಿಯಿಂದ ನೋಡಿದರೆ ಇದಕ್ಕೆ ಸಾಟಿಯಿಲ್ಲ ಎಂದು ಒಪ್ಪಬೇಕು. ಮೇಜಿನ ಮೇಲಿನ ಪುಟ್ಟ ಬಾವುಟ ನೆಟ್ಟಗಿರುವವರೆಗೂ ಕಡ್ಡಿಗಳು ಬರುತ್ತಲೇ ಇರುತ್ತವೆ, ಸಾಕೆನಿಸಿದಾಗ ಬಾವುಟವನ್ನು ಮಲಗಿಸಬೇಕು. ಈ ಅಧಿಕಾರ ತಮ್ಮ ಕೈಯಲ್ಲಿದೆ ಎಂಬುದೇ ಮಕ್ಕಳಿಗೆ ದೊಡ್ಡ ಸಂತೋಷ. ಕೇಕು ಬಂತು, ಸಿಬ್ಬಂದಿ ಚಪ್ಪಾಳೆ ತಟ್ಟಿ ಹಾಡಿದರು, ಮಗಳ ಮುಖ ಅರಳಿತು.

ಹಿರಿಯರ ಪಾಲಿಗೆ ಅದೇ ಸಂಜೆ ಬೇರೆಯಾಗಿತ್ತು. ಸಂಗೀತದ ಅಬ್ಬರದಲ್ಲಿ ಅಪ್ಪನ ಶ್ರವಣ ಸಾಧನ ಪ್ರಯೋಜನಕ್ಕೆ ಬಾರದೆ ಅವರು ಅದನ್ನು ತೆಗೆದು ಜೇಬಿನಲ್ಲಿಟ್ಟುಕೊಂಡರು. ಸದ್ದು ತುಸು ತಗ್ಗಿಸಿರೆಂದು ಕೇಳಿದಾಗ ಆಗಲಿ ಎಂದರು, ಆದರೆ ತಗ್ಗಿಸಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಒಲೆಯದು. ಪನ್ನೀರಿನ ಕಡ್ಡಿಯನ್ನೂ ಕೋಳಿಯ ಕಡ್ಡಿಯನ್ನೂ ಒಂದೇ ಕೆಂಡದ ಮೇಲೆ ಅಕ್ಕಪಕ್ಕ ಇಟ್ಟಿದ್ದರಿಂದ ಅಪ್ಪ ಅಮ್ಮ ಒಲೆಯ ಮೇಲಿನ ಯಾವುದನ್ನೂ ಮುಟ್ಟಲಿಲ್ಲ. ಪ್ರತ್ಯೇಕ ಒಲೆ ಬೇಕೆಂದು ನಾವು ಕೇಳಿದ ಮೇಲೆ ಅದು ಬರುವಷ್ಟರಲ್ಲಿ ಅವರು ಮೊಸರನ್ನ ತಂದುಕೊಂಡು ಉಂಡಾಗಿತ್ತು. ಮುಖ್ಯ ಊಟಕ್ಕೆ ಎದ್ದು ಹೋಗಿ ಸಾಲಿನಲ್ಲಿ ನಿಂತು ಬಡಿಸಿಕೊಳ್ಳಬೇಕಾದ್ದರಿಂದ ಅತ್ತೆಗೆ ಬೇಕಾದುದನ್ನು ನಾವು ಊಹಿಸಿ ತಂದುಕೊಟ್ಟೆವು. ತಲೆಗಿಷ್ಟು ಎಂಬ ದರದಲ್ಲಿ ಎರಡು ಹಿಡಿ ಅನ್ನ ಉಣ್ಣುವ ಹಿರಿಯರೂ ಎಂಟು ಕಡ್ಡಿ ಖಾಲಿ ಮಾಡುವ ಯುವಕನೂ ಹೆಚ್ಚುಕಡಿಮೆ ಒಂದೇ ಮೊತ್ತ ತೆರುತ್ತಾರೆ. ಇದಲ್ಲದೆ ಇಂಥ ಕಡೆಗಳಲ್ಲಿ ಮೇಜನ್ನು ಸರದಿಯ ಪ್ರಕಾರ ಕೊಡುವುದರಿಂದ ಎರಡನೆಯ ಸರದಿಯವರು ಬರುವ ಹೊತ್ತಿಗೆ ಮೇಜು ಬಿಡಬೇಕೆಂಬ ಒತ್ತಡ ಇದ್ದೇ ಇರುತ್ತದೆ. ಹುಟ್ಟುಹಬ್ಬದವರು ಹದಿಹರೆಯದವರಾಗಿದ್ದು ಬಂದವರೆಲ್ಲ ಅವರ ಸ್ನೇಹಿತರಾಗಿದ್ದರೆ ಇಲ್ಲಿಗೇ ಹೋಗಿ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಬೇಡಿ.

ಅತ್ತೆ ಮಾವನ ಮದುವೆಯ ನಲವತ್ತನೆಯ ವಾರ್ಷಿಕೋತ್ಸವಕ್ಕೆ ನಾವು ರೆಸಿಡೆನ್ಸಿ ರಸ್ತೆಯ ಕರಾವಳಿ ರೆಸ್ಟೋರೆಂಟಿಗೆ ಹೋದೆವು. ತಾಜ್ ಸಮೂಹದ ಹೋಟೆಲಿನ ಆವರಣದಲ್ಲಿ 1990ರಲ್ಲಿ ಆರಂಭವಾದ ಇದನ್ನು ಬಹುಕಾಲ ಮುನ್ನಡೆಸಿದವರು ಕೊಡಗಿನ ನರೇನ್ ತಿಮ್ಮಯ್ಯ. ಗೋವೆಯಿಂದ ಕೇರಳದವರೆಗಿನ ಪಶ್ಚಿಮ ಕರಾವಳಿಯ ಮನೆಗಳ ಅಡುಗೆಯನ್ನು ಆ ಮನೆಗಳವರಿಂದಲೇ ಕಲಿತು ತಂದು ಬಡಿಸುವುದು ಇದರ ಹೆಗ್ಗಳಿಕೆ. ಪಂಚತಾರಾ ಹೋಟೆಲಿನ ಊಟವೆಂದರೆ ಅತ್ತೆಗೆ ಮೊದಲಿನಿಂದಲೂ ಅನುಮಾನ. ಕೋರಿ ಗಸ್ಸಿ ಬಂದಾಗ ಅವರು ತಕ್ಷಣ ತಿನ್ನಲಿಲ್ಲ. ನೀರುದೋಸೆಯ ಒಂದು ಮಡಿಕೆ ಹರಿದು, ಗಸ್ಸಿಯ ಅಂಚಿಗೆ ಮಾತ್ರ ತಾಗಿಸಿ, ತೆಂಗಿನಕಾಯಿಯ ಅರೆಪು ನುಣ್ಣಗಿದೆಯೇ ಎಂದು ನಾಲಿಗೆಯಲ್ಲಿ ನೋಡಿದರು. ಬಳಿಕ ಬಡಿಸುವವರನ್ನು ಕರೆದು, ಮೆಣಸನ್ನು ಹುರಿದದ್ದು ಎಣ್ಣೆಯಲ್ಲೋ ಬರಿ ಬಾಣಲೆಯಲ್ಲೋ ಎಂದು ಕೇಳಿದರು. ಆತ ಗೊತ್ತಿಲ್ಲವೆಂದು ನಕ್ಕು ಜಾರಿಕೊಳ್ಳದೆ ಒಳಗೆ ಹೋಗಿ ಕೇಳಿಕೊಂಡು ಬಂದು ಉತ್ತರ ಹೇಳಿದ. ಅಲ್ಲಿಂದ ಮುಂದೆ ಅತ್ತೆ ಮನೆಯಲ್ಲಿ ಕೂತಂತೆ ಕೂತರು.

ಎಲ್ಲರ ತಟ್ಟೆಗೂ ಸಿಬ್ಬಂದಿಯೇ ಬಡಿಸಿದರು. ಅಪ್ಪ ಅಮ್ಮನಿಗೆ ಅಪ್ಪಂ ಮತ್ತು ತರಕಾರಿಯ ಅಡುಗೆ ಪ್ರತ್ಯೇಕ ಪಾತ್ರೆಗಳಲ್ಲಿ, ಪ್ರತ್ಯೇಕ ಸೌಟಿನೊಂದಿಗೆ ಬಂದದ್ದರಿಂದ ಒಂದೇ ಮೇಜಿನಲ್ಲಿ ಮೀನೂ ಇತ್ತು, ಯಾರಿಗೂ ಮುಜುಗರವೂ ಆಗಲಿಲ್ಲ. ಮೇಜುಗಳ ನಡುವೆ ಅಂತರವಿದೆ, ಸದ್ದು ಹಿತಮಿತವಾಗಿದೆ. ಮಾವ ತಮ್ಮ ಮದುವೆಯ ದಿನ ನೇತ್ರಾವತಿಯ ಕಡೆಯಿಂದ ದಿಬ್ಬಣ ಬಂದ ಬಗೆಯನ್ನು ಹೇಳಿದಾಗ ಅಪ್ಪನಿಗೆ ಪ್ರತಿ ಮಾತೂ ಕೇಳಿಸಿತು. ಮಕ್ಕಳಿಗೆ ಮಾತ್ರ ಎರಡು ಅಡುಗೆಗಳ ನಡುವಿನ ಬಿಡುವು ಬೇಸರ ತರಿಸಿತು. ಖರ್ಚಿನ ವಿಷಯದಲ್ಲಿ ಮುಚ್ಚುಮರೆ ಬೇಡ: ಎಂಟು ಜನ ಎಂಟಿಆರ್‌ನಲ್ಲಿ ಉಂಡ ಮೊತ್ತದ ಹಲವು ಪಟ್ಟು ಇಲ್ಲಿ ತೆರಬೇಕಾಗುತ್ತದೆ. ಪ್ರತಿ ವರ್ಷ ಹೋಗುವ ಜಾಗವಲ್ಲ ಇದು. ಹತ್ತು ವರ್ಷಕ್ಕೊಮ್ಮೆ ಬರುವ ದಿನಕ್ಕೆ ಆ ಹಣ ಹೆಚ್ಚೆಂದು ನನಗೆ ಅನಿಸಲಿಲ್ಲ.

ಬಿಲ್ಲಿನ ಬಗ್ಗೆ ಹೋಲಿಕೆ ಮಾಡುವಾಗ ಮೆನುವಿನಲ್ಲಿ ಮುದ್ರಿಸಿದ ದರವನ್ನಷ್ಟೇ ನೋಡಬಾರದು. ಸಾಮಾನ್ಯ ಹೋಟೆಲುಗಳಲ್ಲಿ ಊಟದ ಮೇಲೆ ಶೇ 5ರಷ್ಟು ಜಿಎಸ್‌ಟಿ. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಲ್ಲಿ ಸಾಮಾನ್ಯವಾಗಿ ಶೇ 18. ಅಂದರೆ 6,000 ರೂಪಾಯಿಯ ಊಟಕ್ಕೆ ಒಂದು ಕಡೆ 300 ರೂಪಾಯಿ ತೆರಿಗೆಯಾದರೆ ಇನ್ನೊಂದು ಕಡೆ 1,080 ರೂಪಾಯಿ. ಇದರ ಜೊತೆಗೆ ಕೆಲವೆಡೆ ಶೇ 10ರಷ್ಟು ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಿರುತ್ತಾರೆ. ಗ್ರಾಹಕರ ಒಪ್ಪಿಗೆಯಿಲ್ಲದೆ ಹೀಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾವು ಹೋದ ಒಂದು ಹೋಟೆಲಿನಲ್ಲಿ ಈ ಶುಲ್ಕ ಬಿಲ್ಲಿನಲ್ಲಿತ್ತು, ತೆಗೆಯಿರಿ ಎಂದಾಗ ತೆಗೆದರು. ಚೆನ್ನಾಗಿ ನೋಡಿಕೊಂಡ ಸಿಬ್ಬಂದಿಗೆ ಆ ಮೊತ್ತವನ್ನು ಕೈಯಲ್ಲೇ ಕೊಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಅದು ತಲುಪಬೇಕಾದವರನ್ನು ತಲುಪುತ್ತದೆ. ಮಾತಿಗೆ ಒಪ್ಪದವರಿದ್ದರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಆದರೆ ಹಿರಿಯರ ಎದುರು ಬಿಲ್ಲಿನ ವಾದ ಬೆಳೆಸದೆ, ಒಬ್ಬರು ಎದ್ದು ಹೋಗಿ ಕೌಂಟರಿನಲ್ಲೇ ಮಾತಾಡುವುದು ಒಳ್ಳೆಯದು.

ನಾಲ್ಕನ್ನೂ ಮುಂದಿಟ್ಟುಕೊಂಡು ಒಂದನ್ನೇ ಆರಿಸು ಎಂದರೆ ನಾನು ಎಂಟಿಆರ್‌ನ ಊಟವನ್ನೇ ಆರಿಸುತ್ತೇನೆ, ಕಾಯುವ ಕಷ್ಟವನ್ನು ಲೆಕ್ಕಕ್ಕೆ ಹಿಡಿದ ಮೇಲೂ. ನನ್ನ ಗಂಡ ಇದನ್ನು ಒಪ್ಪುವುದಿಲ್ಲ. ಎರಡೂ ಮನೆಯವರ ನಾಲಿಗೆಗೆ ಒಟ್ಟಿಗೆ ನ್ಯಾಯ ಸಿಕ್ಕಿದ್ದು ಕರಾವಳಿಯಲ್ಲಿ ಮಾತ್ರ ಎಂಬುದು ಅವರ ವಾದ, ಮತ್ತು ಆ ಮಾತಿನಲ್ಲಿ ಹುರುಳಿದೆ. ಹಾಗಾಗಿ ಸಸ್ಯಾಹಾರದ ಮನೆಯಾದರೆ ಮೊದಲನೆಯದು, ಮಿಶ್ರ ಪಂಕ್ತಿಯಾಗಿದ್ದು ದಿನ ದೊಡ್ಡದಾಗಿದ್ದರೆ ಕೊನೆಯದು ಎಂದು ನಾವು ಒಪ್ಪಂದಕ್ಕೆ ಬಂದಿದ್ದೇವೆ.

ಎಲ್ಲಿಗೇ ಹೊರಡಿ, ಎರಡು ದಿನ ಮೊದಲು ಫೋನ್ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಿ: ಬಾಗಿಲಿನಿಂದ ಮೇಜಿನವರೆಗೆ ಎಷ್ಟು ಮೆಟ್ಟಿಲಿವೆ, ಇಡೀ ಮನೆಯವರಿಗೆ ಒಂದೇ ಮೇಜು ಸಿಗುತ್ತದೆಯೇ, ಸ್ಪೀಕರಿನಿಂದ ದೂರದ ಜಾಗ ಕೊಡಬಲ್ಲರೇ, ಸಸ್ಯಾಹಾರವನ್ನು ಬೇರೆ ಪಾತ್ರೆಯಲ್ಲಿ ಬೇರೆ ಸೌಟಿನಿಂದ ಬಡಿಸುತ್ತಾರೆಯೇ. ಹಿರಿಯರಿದ್ದರೆ ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ ಕೂರುವುದು ಒಳ್ಳೆಯದು. ರಾತ್ರಿ ಒಂಬತ್ತರ ಮೇಜು ಯುವಕರಿಗೆ ಹಿತ, ಮಾತ್ರೆಯ ಸಮಯ ನೋಡಿ ಉಣ್ಣುವವರಿಗೆ ಅಲ್ಲ.