ಪೇಡದ ವಾಸನೆ ಬರುವ ಹಾಲಿನ ಪುಡಿ ಹಂದಿಮರಿಗೆ ಬೇಡ

ಹಂದಿ ಸಾಕುವವರು ದಯವಿಟ್ಟು ಓದಿ. ಅಗ್ಗಕ್ಕೆ ಸಿಗುತ್ತದೆ ಅಂತ ಕಂದು ತಿರುಗಿದ ಹಾಲಿನ ಪುಡಿಯನ್ನು ಮರಿಗಳಿಗೆ ಕುಡಿಸಬೇಡಿ. ನಾನು ಕುಡಿಸಿ ಕೆಟ್ಟೆ.

ನಮ್ಮದು ಪುತ್ತೂರು ಕಡೆ ಸಣ್ಣ ಫಾರ್ಮ್, ಯಾರ್ಕ್‌ಶೈರ್ ತಳಿ. ಏಪ್ರಿಲ್‌ನಲ್ಲಿ ಒಂದು ತಾಯಿಹಂದಿಗೆ ಕೆಚ್ಚಲು ಬಾವು ಬಂದು ಹಾಲು ನಿಂತೇ ಹೋಯಿತು. 11 ಮರಿ, 10 ದಿನದವು. ಪುಣ್ಯಕ್ಕೆ ಗಿಣ್ಣದ ಹಾಲು ಕುಡಿದಾಗಿತ್ತು.

ಪಶು ಆಹಾರದ ಅಂಗಡಿಯವರು ಕೆನೆ ತೆಗೆದ ಹಾಲಿನ ಪುಡಿ ಕೊಟ್ಟರು. ಮಾಮೂಲಿಗಿಂತ ತುಂಬಾ ಕಡಿಮೆ ರೇಟು. “ಮನುಷ್ಯರಿಗೆ ಮಾರುವ ಹಾಗಿಲ್ಲ ಅಷ್ಟೇ, ಪ್ರೋಟೀನ್ 34 ಪರ್ಸೆಂಟ್ ಇದೆ ನೋಡಿ” ಅಂತ ಲ್ಯಾಬ್ ಚೀಟಿ ಬೇರೆ ತೋರಿಸಿದರು. ಚೀಟಿ ಸುಳ್ಳಲ್ಲ. ನಾನು ಬಿದ್ದದ್ದೇ ಅಲ್ಲಿ.

ಚೀಲ ಬಿಚ್ಚಿದರೆ ಧಾರವಾಡ ಪೇಡದ ಘಮ. ಸುಮ್ನೆ ಖುಷಿಪಟ್ಟೆ! ಕಲಸಿದ ಬಕೆಟ್‌ನ ತಳದಲ್ಲಿ ಕಂದು ಚೂರು ಉಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರಿಗಳು ಸಾಯಲಿಲ್ಲ, ಹಾಗಾಗಿ ತಡವಾಗಿ ಗೊತ್ತಾಯಿತು. ತೆಳು ಭೇದಿ, ಒರಟು ಕೂದಲು. ಕುಡಿಯುವುದೇನೋ ಕುಡಿಯುತ್ತಿದ್ದವು, ಮೈ ಮಾತ್ರ ಹತ್ತಲಿಲ್ಲ. 6 ವಾರಕ್ಕೆ ಪಕ್ಕದ ಗೂಡಿನ ಮರಿಗಳು 9 ಕಿಲೋ ದಾಟಿದ್ದವು, ಇವು 6ರ ಆಸುಪಾಸು. ಜಂತಿನ ಔಷಧಿ ಹಾಕಿದೆ. ಕಬ್ಬಿಣದ ಇಂಜೆಕ್ಷನ್ 3ನೇ ದಿನವೇ ಆಗಿತ್ತು. ಕೊನೆಗೆ ಡಾಕ್ಟರು ಬಂದು ಪುಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು. “ಇದು ಸುಟ್ಟ ಹಾಲು ಮಾರಾಯ್ರೆ!”

ಅವರು ಬಿಡಿಸಿ ಹೇಳಿದ್ದು ಇದು. ಹಾಲಿನ ಪುಡಿಯಲ್ಲಿ ಅರ್ಧದಷ್ಟು ಹಾಲಿನ ಸಕ್ಕರೆಯೇ ಇರುತ್ತದೆ. ಕಾವು ಜಾಸ್ತಿಯಾದರೆ ಆ ಸಕ್ಕರೆ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಪೇಡ ಕಂದಾಗುವುದೂ ಹೀಗೇ. ಅಂಟಿಕೊಂಡ ಲೈಸಿನ್ ಹೊಟ್ಟೆಗೆ ಹೋದರೂ ಮರಿಯ ಮೈಗೆ ಸೇರುವುದಿಲ್ಲ. ಹಂದಿಮರಿ ಬೆಳೆಯಲು ಮೊದಲು ಕೊರತೆಯಾಗುವುದೇ ಲೈಸಿನ್. ಅದೊಂದು ಕಡಿಮೆಯಾದರೆ ಉಳಿದ ಪ್ರೋಟೀನೂ ದಂಡ. ಲ್ಯಾಬ್‌ನವರು ಅಳೆಯುವುದು ಸಾರಜನಕವನ್ನು. ಅದನ್ನು 6.38ರಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ. ಹಾಲು ಸೀದರೂ ಸಾರಜನಕ ಎಲ್ಲೂ ಹೋಗಲ್ಲ, ಅಲ್ವಾ? 34 ಹಾಗೇ ಕಾಣುತ್ತದೆ. ಕೇಳುವುದಾದರೆ ‘ಮೈಗೆ ಸಿಗುವ ಲೈಸಿನ್ ಎಷ್ಟು’ ಅಂತ ಕೇಳಬೇಕಂತೆ.

ಪುಡಿ ಮಾಡುವ ರೀತಿಯಲ್ಲೂ ವ್ಯತ್ಯಾಸವಿದೆ. ಬಿಸಿ ರೋಲರ್ ಮೇಲೆ ಹಾಲು ಸವರಿ ಒಣಗಿಸಿದರೆ ಹೆಚ್ಚು ಹಾನಿ. ಸ್ಪ್ರೇ ಮಾಡಿದರೆ ಗಾಳಿ ಬಿಸಿಯಿದ್ದರೂ ನೀರು ಆವಿಯಾಗುವಾಗ ಹನಿ ತಂಪಾಗಿರುತ್ತದೆ, ಹಾನಿ ಕಡಿಮೆ.

ನನ್ನದೂ ತಪ್ಪಿದೆ, ಒಪ್ಪುತ್ತೇನೆ. ಚೀಲಗಳನ್ನು ತಗಡಿನ ಶೆಡ್‌ನಲ್ಲಿ ಬಾಯಿ ಬಿಚ್ಚಿ ಇಟ್ಟಿದ್ದೆ. ನಮ್ಮ ಕರಾವಳಿಯ ಸೆಕೆ, ತೇವಕ್ಕೆ ಒಳ್ಳೆಯ ಪುಡಿಯೂ ನಿಧಾನಕ್ಕೆ ಕಂದಾಗುತ್ತದೆ. ಮೊದಲ ಚೀಲಕ್ಕಿಂತ ಕೊನೆಯದು ಇನ್ನೂ ಕೆಂಪಗಿತ್ತು.

ಈಗ ದುಡ್ಡು ಕೊಡುವ ಮೊದಲು ಚೀಲ ಬಿಚ್ಚಿಸುತ್ತೇನೆ. ಬಣ್ಣ ಕೆನೆಯ ಹಾಗಿರಬೇಕು, ತಳ ಹಿಡಿದ ವಾಸನೆ ಇರಬಾರದು. ಒಂದು ಚಮಚ ಉಗುರುಬೆಚ್ಚನೆ ನೀರಿಗೆ ಹಾಕಿ ಕಲಕಿ ನೋಡುತ್ತೇನೆ. ಅಂಗಡಿಯವರು ಮುಖ ಗಂಟು ಹಾಕುತ್ತಾರೆ. ಹಾಕಿಕೊಳ್ಳಲಿ. ಆ 11 ಮರಿಗಳನ್ನು ಮಾರಲು ಉಳಿದವುಗಳಿಗಿಂತ ಎರಡು ತಿಂಗಳು ಜಾಸ್ತಿ ಸಾಕಬೇಕಾಯಿತು.